ಮುಚ್ಚಿದ ಫೈಲು

ಮುಹರಕ್ಕಿನ ಹಳೇ ಸೂಕಿನಲ್ಲಿ, ಹಲ್ವಾ ಅಂಗಡಿಗೂ
ಮುತ್ತು ಪೋಣಿಸುವ ಹಾಜಿ ಅಬ್ದುಲ್ನಬಿಯ ಗೂಡಿಗೂ ನಡುವೆ
ಒಂದೂವರೆ ಮೇಜಿನ ಟೈಪಿಂಗ್ ಸೆಂಟರು ನಮ್ಮದು.
ನಮ್ಮದೆಂದರೆ ನನ್ನದಲ್ಲ. ಕೀಬೋರ್ಡಿನ ಸವಕಳಿ ಮಾತ್ರ ನನ್ನದು:
‘ಲಾಮ್’ ಅಕ್ಷರ ಪೂರ್ತಿ ಅಳಿಸಿಹೋಗಿದೆ,
ಬೆರಳಿಗೆ ಗೊತ್ತು ಅದೆಲ್ಲಿದೆ ಎಂದು.

ಬಿಸಿಲಿಗೆ ಕೆಲಸ ನಿಲ್ಲಿಸುವ ಆಗಸ್ಟಿನ ಮಧ್ಯಾಹ್ನ
ಮಾಳಿಂಗರಾಯ ಬಂದ. ಸಿಂದಗಿ ಕಡೆಯವನು.
ಬೂಟಿನ ಸಿಮೆಂಟು ಬಾಗಿಲಲ್ಲೇ ಕೊಡವಿದ.
ಹೆಸರು ಹೊಡೆದೆ. ಅರಬ್ಬಿಯಲ್ಲಿ ಳ ಇಲ್ಲ, ಗ ಇಲ್ಲ,
ಇದ್ದಬದ್ದ ಅಕ್ಷರಗಳಲ್ಲೇ ಅವನನ್ನು ಒತ್ತಿ ಕೂರಿಸಿದೆ.
ಪರದೆ ಒಂದು ಸುತ್ತು ತಿರುಗಿ ಹೇಳಿತು:
ಮಲಫ್ ಮುಗ್ಲಕ್.
ಫೈಲು ಮುಚ್ಚಿದೆ, ಅಂದೆ.

‘ಫೈಲ ಅಂದ್ರ ಏನ್ರಿ ಅಕ್ಕಾರ?
ನಾ ಇಲ್ಲೇ ನಿಂತೀನಿ. ನನ್ನ ಬಿಟ್ಟು ಮುಚ್ಚಿದ್ದು ಯಾವುದು?’

ಹನ್ನೊಂದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.
ಅರ್ಧಮೇಜಿನ ಕುಂಟುಗಾಲಿಗೆ ಕೊಟ್ಟಿದ್ದ ಇಂಗ್ಲಿಷ್ ನಿಘಂಟು,
ಯಾವನೋ ಗಿರಾಕಿ ಮರೆತು ಹೋದದ್ದು,
ಎಳೆದರೆ ಮೇಜು ವಾಲುತ್ತದೆ. ಎಳೆದೆ.

ಲ್ಯಾಟಿನ್ನಿನಲ್ಲಿ ಫೀಲುಂ ಎಂದರೆ ನೂಲು.
ಕಾಗದಗಳ ನೆತ್ತಿಗೆ ತೂತು ಕೊರೆದು, ದಾರ ಪೋಣಿಸಿ
ಗೂಟಕ್ಕೆ ನೇತುಹಾಕುತ್ತಿದ್ದರಂತೆ.
ದಾರ ಹೋಗಿ ತಂತಿ ಬಂತು, ತಂತಿ ಹೋಗಿ ರಟ್ಟು ಬಂತು,
ರಟ್ಟೂ ಹೋಗಿ ಈಗ
ಬರೀ ಹೆಸರು ನೇತಾಡುತ್ತಿದೆ, ಗೋಡೆಯೇ ಇಲ್ಲದ ಗೂಟಕ್ಕೆ.

ಗಂಗೊಳ್ಳಿ ಬಂದರಿನ ಮಂಡಿ ಕಣ್ಣಿಗೆ ಬಂತು:
ಪುಂಡಲೀಕ ಖಾರ್ವಿಯ ತಲೆಯ ಮೇಲೊಂದು ಬಾಗಿದ ತಂತಿ,
ಐಸಿನ ಚೀಟಿ, ಡೀಸೆಲ್ಲಿನ ಚೀಟಿ, ಬಂಗುಡೆಯ ಚೀಟಿ,
ಕಡಲಗಾಳಿ ಎದ್ದರೆ ಒಟ್ಟಿಗೇ ಪಟಪಟ.
ಕೆಳಗೆ ನನ್ನ ಚಿಕ್ಕಮ್ಮ ಕಿವಿರಿನೊಳಗೆ ಬಳ್ಳಿ ತೂರಿಸಿ
ಮೀನು ಕಟ್ಟುತ್ತಿದ್ದಳು.
ಇಬ್ಬರದೂ ಒಂದೇ ಕೆಲಸವೆಂದು
ಕಡಲು ದಾಟಿ ಬಂದು ತಿಳಿಯಬೇಕಾಯಿತು.

ಗೂಡಿನಿಂದಲೇ ಹಾಜಿ, ಸೂಜಿ ಹಲ್ಲಿನಲ್ಲಿ ಕಚ್ಚಿಕೊಂಡು:
‘ಪೋಣಿಸುವುದಲ್ಲ, ಮಗಳೇ. ಲಫ್ ಎಂದರೆ ಸುತ್ತು.
ನಮ್ಮಪ್ಪ ಮುತ್ತನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಎದೆಗಿಟ್ಟು ಮಲಗುತ್ತಿದ್ದ.
ಸುತ್ತಿಟ್ಟದ್ದೇ ಮಲಫ್.’

ನಮ್ಮಲ್ಲಿ ಏನನ್ನುತ್ತಾರೆ? ಕಡತ.
ಹುಣಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು,
ಮಡಿಚಿ ಮಡಿಚಿ, ಬಳಪದಲ್ಲಿ ಲೆಕ್ಕ ಬರೆದದ್ದು.
ಒದ್ದೆ ಕೈ ಆಡಿಸಿದರೆ ಸಾಲವೂ ಇಲ್ಲ, ಸಾಲಗಾರನೂ ಇಲ್ಲ.
ಅವರು ಪೋಣಿಸಿದರು, ಇವರು ಸುತ್ತಿದರು, ನಾವು ಮಸಿ ಬಳಿದೆವು;
ಮೂವರ ಕೈಯಲ್ಲೂ ಜವಳಿ ಅಂಗಡಿಯ ಸಾಮಾನು.

ಮಾಳಿಂಗರಾಯ ಎಲ್ಲ ಕೇಳಿಸಿಕೊಂಡ.
ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕುತ್ತಲೇ ಇದ್ದ,
ಅಲ್ಲಿ ಎಳೆಯೊಂದು ಇದ್ದ ಹಾಗೆ.
‘ನಮ್ದು ಕಂಬಳಿ ನೇಯೋ ಮನೀರಿ.
ನೂಲು ಅಂದಮ್ಯಾಲ ಹರಿಯೂದ.
ಹರದ್ರ ಉಗುಳು ಹಚ್ಚಿ ಹೊಸೀತೀವಿ, ಗಂಟ ಹಾಕ್ತೀವಿ.
ಹರದ ಎಳಿಗೆ ಮುಚ್ಚೇತಿ ಅಂತ ಯಾರೂ ಅನ್ನಂಗಿಲ್ಲ.’

ಪರದೆಯ ತುಂಬ ಹುಡುಕಿದೆ. ಉಳಿಸು ಇದೆ, ಅಳಿಸು ಇದೆ,
ಹಿಂದಕ್ಕೆ ಇದೆ, ಮುದ್ರಿಸು ಇದೆ.
ಗಂಟು ಹಾಕು ಇಲ್ಲ.

ಆಚೆ ಹಾಜಿ ಎರಡು ಮುತ್ತುಗಳ ನಡುವೆ
ಒಂದೊಂದು ಗಂಟು ಬಿಗಿಯುತ್ತಿದ್ದ.
ದಾರ ತುಂಡಾದರೂ ಒಂದೇ ಬೀಳುತ್ತದೆ, ಉಳಿದವು ನಿಲ್ಲುತ್ತವೆ,
ಅದಕ್ಕಂತೆ.
ಬಿದ್ದ ಆ ಒಂದಕ್ಕಾಗಿ ದಿನವೂ ಅಂಗಡಿ ಮುಚ್ಚುವ ಮೊದಲು
ಚಾಪೆ ಎತ್ತಿ ಕೊಡವುತ್ತಾನೆ. ಕೆಲವು ದಿನ ಸಿಗುತ್ತದೆ.

ನಿಘಂಟನ್ನು ಮತ್ತೆ ಕಾಲಿಗೆ ಕೊಟ್ಟೆ. ಮೇಜು ನೆಟ್ಟಗಾಯಿತು.
‘ಕೂತ್ಕೊ’ ಅಂದೆ.
ಹೊಸ ಅರ್ಜಿ. ಹೆಸರು:
ಈ ಸಲವೂ ಳ ಇಲ್ಲದೆ.